ಹೊನ್ನಿಯ ಕಿವಿಯ ಬಿಲ್ಲೆ

ತಿಳವಳ್ಳಿ,
೧೧ ಫೆಬ್ರವರಿ ೧೯೭೯

ಗೌಹರ,

ಅಕ್ಷರ ನೋಡಿ ಗುರುತು ಹಿಡಿದಿರಬೇಕು. ಹಿಡಿಯದಿದ್ದರೆ ಕೊನೆಯ ಸಾಲಿನಲ್ಲಿ ಹೆಸರಿದೆ, ನೋಡಿಕೊಂಡು ಮತ್ತೆ ಮೇಲಿನಿಂದ ಓದು. ನನ್ನ ಮದುವೆಯಾದ ವರ್ಷ ನಿನಗೆ ಕೆಲವು ಪತ್ರ ಹಾಕಿದ್ದೆ, ಉತ್ತರ ಬರಲಿಲ್ಲ. ಕೋಣೆ ಬದಲಿಸಿರಬಹುದು ಎಂದುಕೊಂಡು ಸುಮ್ಮನಾದೆ. ಅದಕ್ಕೇ ಇದನ್ನು ಫ್ಯಾಕ್ಟರಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ನೀನು ಇನ್ನೂ ಅಲ್ಲೇ, ಕಿಟಕಿಯ ಪಕ್ಕದ ಮೇಜಿನಲ್ಲೇ ಇರುತ್ತೀ ಎಂದು ನನ್ನ ಮನಸ್ಸು ಹೇಳುತ್ತದೆ.

ನನಗೊಬ್ಬ ಮಗಳಿದ್ದಾಳೆ. ಹೆಸರು ಹೊನ್ನವ್ವ, ನಾವು ಕರೆಯುವುದು ಹೊನ್ನಿ ಎಂದು. ಈ ಜೂನಿಗೆ ಶಾಲೆಗೆ ಸೇರಿಸುವ ವಯಸ್ಸು. ಅವಳಿಗೆ ಹುಟ್ಟಿನಿಂದ ಕಿವಿ ಮಂದ. ಎತ್ತಿನ ಗಂಟೆಯನ್ನು ಹತ್ತಿರ ಹಿಡಿದು ಬಾರಿಸಿದರೆ ತಿರುಗಿ ನೋಡುತ್ತಾಳೆ, ಮಾತು ಮಾತ್ರ ಮುಟ್ಟುವುದಿಲ್ಲ. ಹುಬ್ಬಳ್ಳಿಯ ಡಾಕ್ಟರರು ಹಾನಗಲ್ಲಿಗೆ ಬಂದು ಶಿಬಿರ ನಡೆಸಿದಾಗ ಅವಳಿಗೊಂದು ಕಿವಿಯ ಯಂತ್ರ ಕೊಟ್ಟರು. ಎದೆಗೆ ಕಟ್ಟುವ ಸಣ್ಣ ಡಬ್ಬಿ, ಅದರಿಂದ ಕಿವಿಗೆ ಒಂದು ವಾಯರು. ಅದನ್ನು ಹಾಕಿಕೊಂಡ ಮೇಲೆ ಹುಡುಗಿ ಮಾತು ಕಲಿತಳು. ಅವ್ವ, ಅಪ್ಪ, ನೀರು, ಎಮ್ಮಿ. ನಮ್ಮ ಎಮ್ಮೆಗೆ ಅವಳೇ ಎಮ್ಮಿ ಎಂದು ಹೆಸರಿಟ್ಟಂತೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ಸಂಕ್ರಾಂತಿಯ ಹಿಂದೆ ಮುಂದೆ ಚಕ್ಕಡಿಯಿಂದ ಇಳಿಯುವಾಗ ಡಬ್ಬಿ ಕಲ್ಲಿನ ಮೇಲೆ ಬಿತ್ತು. ಅಂದಿನಿಂದ ಸದ್ದಿಲ್ಲ. ಹುಬ್ಬಳ್ಳಿಗೆ ಒಯ್ದೆವು. ಒಳಗಿನ ಮೈಕ್ ಹೋಗಿದೆ, ಈ ನಮೂನೆ ಈಗ ಬರುವುದಿಲ್ಲ, ಬರುವ ವರ್ಷದ ಶಿಬಿರದವರೆಗೆ ಕಾಯಿರಿ ಎಂದರು. ಇಲ್ಲಿ ಉಳವಪ್ಪ ಮಾಸ್ತರರು, ಹೆಸರು ಕೂಗಿದಾಗ ಓ ಅನ್ನುವ ಹುಡುಗಿಯಾದರೆ ಶಾಲೆಗೆ ಸೇರಿಸಿಕೊಳ್ಳುತ್ತೇನೆ, ಇಲ್ಲದಿದ್ದರೆ ಸುಮ್ಮನೆ ಗೋಡೆ ನೋಡಿಸುತ್ತ ಕೂರಿಸಿ ಏನು ಮಾಡಲಿ ಎಂದಿದ್ದಾರೆ. ಅವರು ಕೆಟ್ಟವರಲ್ಲ. ಇದ್ದದ್ದು ಹೇಳಿದರು.

ಮುಚ್ಚಿದ ಡಬ್ಬಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ, ನಿನಗೆ ಗೊತ್ತು. ಬಿಚ್ಚಿ ನೋಡಿದೆ. ಮೈಕಿನೊಳಗೆ ಉಗುರಿನಷ್ಟೇ ತೆಳ್ಳಗಿನ ಪಿಂಗಾಣಿ ಬಿಲ್ಲೆ, ಅದರ ಎರಡೂ ಮೈಗೆ ಬೆಳ್ಳಿಯ ಲೇಪ. ಬಿಲ್ಲೆ ಒಡೆದಿಲ್ಲ. ಕೂದಲಿನಂಥ ತಂತಿಯೊಂದು ಲೇಪದಿಂದ ಕಿತ್ತು ನಿಂತಿದೆ, ಅಷ್ಟೇ. ನಾವಿಬ್ಬರೂ ದಿನವಿಡೀ ಪಿಂಗಾಣಿ ಕೆಪಾಸಿಟರುಗಳಿಗೆ ತಂತಿಯ ಕಾಲು ಕೂಡಿಸುತ್ತಿದ್ದೆವಲ್ಲ, ಅದೇ ಕೆಲಸ. ಆದರೆ ಇದು ಅವುಗಳಿಗಿಂತ ತೆಳು. ಈ ಕೈ ಈಗ ಕುಡುಗೋಲು ಹಿಡಿದ ಕೈ.

ಬೆಸುಗೆಗೆ ಬೆಳ್ಳಿ ಬೆರೆತ ಸೀಸದ ತಂತಿ ಸ್ವಲ್ಪ ಕಳಿಸುತ್ತೀಯಾ? ನಾನು ಏನೇನು ಮರೆತಿದ್ದೇನೆ ಅದನ್ನೂ ಬರೆ. ಬೇರೇನೂ ಬರೆಯದಿದ್ದರೂ ಆದೀತು.

ನಿನ್ನ
ದಾನವ್ವ

*

ಬೆಂಗಳೂರು,
೨೬ ಫೆಬ್ರವರಿ ೧೯೭೯

ದಾನವ್ವನಿಗೆ,

ಪತ್ರ ಮುಟ್ಟಿತು. ಈ ಪತ್ರದ ಜೊತೆ ಪಾರ್ಸಲ್ ಹಾಕಿದ್ದೇನೆ. ಅದರಲ್ಲಿ ಬೆಳ್ಳಿ ಬೆರೆತ ಸೀಸ, ರಾಳದ ಒಂದು ಉಂಡೆ, ತುದಿ ಚೂಪಾದ ಚಿಮಟಿಗೆ ಇವೆ. ಮಾಮೂಲಿ ಸೀಸವನ್ನು ಆ ಬಿಲ್ಲೆಗೆ ಮುಟ್ಟಿಸಲೇಬೇಡ. ಅದು ಬೆಳ್ಳಿಯನ್ನು ಕುಡಿದುಬಿಡುತ್ತದೆ, ಆಮೇಲೆ ಬರಿಯ ಪಿಂಗಾಣಿ ಉಳಿಯುತ್ತದೆ, ಅದರ ಮೇಲೆ ಏನೂ ನಿಲ್ಲುವುದಿಲ್ಲ.

ಬಿಲ್ಲೆಯನ್ನು ಬೆರಳಿನಿಂದ ಹಿಡಿಯಬೇಡ, ಬೆವರಿನ ಜಿಡ್ಡು ಹತ್ತುತ್ತದೆ. ಅಂಚಿನಲ್ಲಿ ಹಿಡಿ. ತಣ್ಣಗಿರುವ ಬಿಲ್ಲೆಗೆ ಬೆಸುಗೆ ಹಾಕುವ ಕಾದ ಐರನ್ ತಾಗಿಸಿದರೆ ಸೀಳುತ್ತದೆ, ಮೊದಲು ಬಿಲ್ಲೆಯನ್ನು ಬೆಚ್ಚಗೆ ಮಾಡಿಕೋ. ತಂತಿಗೆ ಮೊದಲೇ ಸೀಸ ಹಚ್ಚಿಟ್ಟುಕೋ. ಮುಟ್ಟು, ಬಿಡು. ಒತ್ತಬೇಡ. ಹೆಚ್ಚು ಕಾವು ತಾಗಿದರೆ ಬಿಲ್ಲೆ ಒಡೆಯದಿದ್ದರೂ ಅದರ ಜೀವ ಹೋಗುತ್ತದೆ. ನೋಡಲು ಹಾಗೇ ಇರುತ್ತದೆ, ಸದ್ದು ಹಿಡಿಯುವುದಿಲ್ಲ.

ಕೈ ಪಳಗಲಿ ಎಂದು ಕೆಲಸಕ್ಕೆ ಬಾರದ ಬಿಲ್ಲೆಗಳನ್ನು ಹತ್ತಿಯಲ್ಲಿ ಸುತ್ತಿ ಇಟ್ಟಿದ್ದೇನೆ. ಅವು ಮುಗಿಯುವವರೆಗೆ ಮಗಳ ಯಂತ್ರ ತೆರೆಯಬೇಡ.

ಕೆಂಪು ರಿಬ್ಬನ್ ಹುಡುಗಿಗೆ.

ಗೌಹರ

*

ತಿಳವಳ್ಳಿ,
೨೦ ಮಾರ್ಚ್ ೧೯೭೯

ಗೌಹರ,

ಪಾರ್ಸಲ್ ಬಂದ ದಿನ ಹೊನ್ನಿ ರಿಬ್ಬನ್ ತಲೆಗೆ ಕಟ್ಟಿಸಿಕೊಳ್ಳಲಿಲ್ಲ, ಎಮ್ಮೆಯ ಕೋಡಿಗೆ ಕಟ್ಟಿದಳು. ಎಮ್ಮೆ ಅದನ್ನು ಅರ್ಧ ತಿಂದಿತು. ಉಳಿದರ್ಧ ಈಗ ತಲೆಯಲ್ಲಿದೆ.

ನಮ್ಮ ಮನೆಯಲ್ಲಿ ಕರೆಂಟು ಇದೆ. ಹೊಲದ ಪಂಪ್‌ಸೆಟ್ಟುಗಳು ಶುರುವಾದರೆ ದೀಪ ಮಂಕಾಗುತ್ತದೆ, ಐರನ್ ತಣ್ಣಗಾಗುತ್ತದೆ. ಆದ್ದರಿಂದ ಪಂಪುಗಳು ನಿಂತ ಹೊತ್ತು ನೋಡಿ ಕೂರುತ್ತೇನೆ. ಐರನ್ನನ್ನು ನನ್ನ ಯಜಮಾನರು ಹಾನಗಲ್ಲಿನ ರೇಡಿಯೋ ರಿಪೇರಿಯವರಿಂದ ಕೇಳಿ ತಂದರು. ಯಜಮಾನರ ಹೆಸರು ಕರಬಸಪ್ಪ. ಮಾತು ಕಡಿಮೆ. ಇದನ್ನು ನಾನೇ ಮಾಡಲೋ ಬೇಡವೋ ಎಂದು ಕೇಳಿದ್ದಕ್ಕೆ, "ಮಾಡು. ಕೆಟ್ಟರ ಕೆಟ್ಟೀತು. ಈಗರ ಏನ್ ಛಲೋ ಐತಿ?" ಎಂದರು. ಅಷ್ಟು ಹೇಳಿ ಕಣಕ್ಕೆ ಹೋದರು.

ಅತ್ತೆ ಶಾರವ್ವನವರಿಗೆ ರಾಳದ ಹೊಗೆ ಹಿಡಿಸುವುದಿಲ್ಲ. ಸೊಸೆ ಹೊಲದ ಕೆಲಸ ಬಿಟ್ಟು ಮೂಲೆಯಲ್ಲಿ ಹೊಗೆ ಎಬ್ಬಿಸುತ್ತ ಕೂತಿದ್ದಾಳೆ ಎಂದು ಬಂದವರ ಮುಂದೆ ಹೇಳುತ್ತಾರೆ. ಹೇಳುತ್ತಲೇ ಹೊನ್ನಿಯನ್ನು ಎತ್ತಿಕೊಂಡು ಆಚೆ ಹೋಗಿ ನನಗೆ ಜಾಗ ಬಿಡುತ್ತಾರೆ.

ಮೊದಮೊದಲು ನೀನು ಕಳಿಸಿದ ಬಿಲ್ಲೆಗಳೆಲ್ಲ ಒಡೆದವು. ಬಿಲ್ಲೆಯನ್ನು ಚಪಾತಿಯ ಹಂಚಿನ ಅಂಚಿನಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳಲು ಕಲಿತ ಮೇಲೆ ಒಡೆಯುವುದು ನಿಂತಿತು. ಆದರೆ ಬೆಳ್ಳಿ ಬಿಟ್ಟುಬರುತ್ತಿತ್ತು. ನಿನ್ನೆ ಒಂದು ಕೂತಿತು, ಇವತ್ತು ಇನ್ನೊಂದು. ತಂತಿ ಹಿಡಿದು ಎತ್ತಿದರೆ ಬಿಲ್ಲೆಯೂ ಜೊತೆಗೆ ಏಳುತ್ತದೆ. ನಾನು ಒಬ್ಬಳೇ ನಕ್ಕೆ. ಪಕ್ಕದ ಕುರ್ಚಿಯಲ್ಲಿ ನೀನಿದ್ದಿದ್ದರೆ, ಇಷ್ಟಕ್ಕೇ ಹಲ್ಲು ಬಿಡಬ್ಯಾಡ, ಡಬ್ಬಿ ತುಂಬಾ ಬಾಕಿ ಅದಾವು ಎನ್ನುತ್ತಿದ್ದಿ.

ನಿನ್ನ ಸುದ್ದಿ ಒಂದೂ ಬರೆದಿಲ್ಲ. ಅಕ್ಷರ ಮಾತ್ರ ದೊಡ್ಡವಾಗಿವೆ. ಮೊದಲು ಒಂದು ಕಾರ್ಡಿನಲ್ಲಿ ಪುರಾಣ ಬರೆಯುತ್ತಿದ್ದವಳು ನೀನು.

ನಿನ್ನ
ದಾನವ್ವ

*

ಬೆಂಗಳೂರು,
೨ ಏಪ್ರಿಲ್ ೧೯೭೯

ದಾನವ್ವ,

ಎರಡು ಕೂತರೆ ಸಾಲದು. ಎಲ್ಲವೂ ಕೂರುವ ದಿನ ಬರಲಿ, ಆಗ ಮಗಳದ್ದು ಮುಟ್ಟು.

ಕಣ್ಣಿನಿಂದ ಮಾತ್ರ ನೋಡಿ ಕೆಲಸ ಮಾಡಬೇಡ. ರಾಳ ಕಾಯುವಾಗ ಸಣ್ಣಗೆ ಸದ್ದು ಬರುತ್ತದೆ, ಕೇಳಿಸಿಕೋ. ಸದ್ದು ತೆಳ್ಳಗಾಗುವ ಹೊತ್ತಿಗೆ ಸೀಸ ಹರಡಿರುತ್ತದೆ. ಆಗ ಐರನ್ ಎತ್ತು. ಕಣ್ಣು ಒಮ್ಮೊಮ್ಮೆ ಮೋಸ ಮಾಡುತ್ತದೆ, ಕಿವಿ ಮಾಡುವುದಿಲ್ಲ.

ನನ್ನ ಸುದ್ದಿ ಕೇಳಿದ್ದೀ. ನಾವಿದ್ದ ಕೋಣೆಯಲ್ಲೇ ಇದ್ದೇನೆ. ವಿಳಾಸ ಬದಲಾಗಿಲ್ಲ.

ರಿಬ್ಬನ್ ತಿಂದ ಎಮ್ಮೆಗೆ ಏನೂ ಆಗಿಲ್ಲ ತಾನೇ?

ಗೌಹರ

*

ತಿಳವಳ್ಳಿ,
೧೯ ಏಪ್ರಿಲ್ ೧೯೭೯

ಗೌಹರ,

ಒಡೆಯಿತು.

ಮೊದಲ ಸಲ ಮುಟ್ಟಿದಾಗ ಕೂತಿತ್ತು. ನಿಜವಾಗಿ ಕೂತಿತ್ತು. ಸಾಸಿವೆಗಿಂತ ಸಣ್ಣ ಹನಿ, ಹೊಳೆಯುತ್ತಿತ್ತು. ಅಲ್ಲಿಗೆ ಬಿಡಬೇಕಿತ್ತು. ಒಂದು ಬದಿಗೆ ವಾಲಿದಂತೆ ಕಂಡಿತು, ಚೆಂದ ಮಾಡೋಣ ಎಂದು ಮತ್ತೆ ಮುಟ್ಟಿದೆ. ಬೆಳ್ಳಿ ಸರಿಯಿತು. ಗಾಬರಿಯಿಂದ ಇನ್ನೊಮ್ಮೆ ಮುಟ್ಟಿದೆ. ಚಿಟ್ ಎಂದಿತು. ನುಚ್ಚು ಹಲ್ಲಿಗೆ ಸಿಕ್ಕರೆ ಬರುವಷ್ಟು ಸದ್ದು.

ಹೊನ್ನಿ ಎದುರಿಗೇ ಮೊಣಕಾಲೂರಿ ಕೂತಿದ್ದಳು. ಅವಳಿಗೆ ಅದು ಕೇಳಿಸಲಿಲ್ಲ. ನನ್ನ ಮುಖ ನೋಡುತ್ತಿದ್ದಳು.

ಐರನ್ ತಣ್ಣಗಾದ ಮೇಲೆ ಯಜಮಾನರು ತಾವೇ ಎತ್ತಿಟ್ಟರು. ಅತ್ತೆ ಏನಾದರೂ ಅಂದಿದ್ದರೆ ಚೆನ್ನಾಗಿತ್ತು, ಜಗಳವಾದರೂ ಆಡುತ್ತಿದ್ದೆ. ಅವರು ಮೊಮ್ಮಗಳನ್ನು ಕೊಟ್ಟಿಗೆಗೆ ಕರೆದೊಯ್ದು, ಎಮ್ಮೆಯ ಗಂಟಲ ಮೇಲೆ ಅವಳ ಕೈ ಇಡಿಸಿ, ಅದು ಕೂಗುವುದನ್ನು ಕೈಯಿಂದ ಕೇಳಿಸಿದರು.

ಅದನ್ನೆಲ್ಲ ತಡೆದುಕೊಂಡೇನು. ಇದೊಂದು ತಡೆಯಲಾಗುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಹೊನ್ನಿ ಡಬ್ಬಿ ತಂದು ನನ್ನ ಮುಂದೆ ಹಿಡಿಯುತ್ತಾಳೆ, ಕಟ್ಟು ಎಂದು. ಅದರೊಳಗೆ ಏನೂ ಇಲ್ಲ ಎಂದು ಅವಳಿಗೆ ಹೇಗೆ ಹೇಳಲಿ? ಕಟ್ಟುತ್ತೇನೆ. ಕಿವಿಗೆ ಇಡುತ್ತೇನೆ. ಹೊನ್ನೀ ಎಂದು ಕರೆಯುತ್ತೇನೆ. ನನ್ನ ತುಟಿ ಅಲುಗುವುದನ್ನು ನೋಡಿ ತಲೆ ಆಡಿಸುತ್ತಾಳೆ, ಕೇಳಿಸಿತು ಅನ್ನುವ ಹಾಗೆ. ನಿನ್ನೆ ಪರೀಕ್ಷೆ ಮಾಡೋಣ ಎಂದು ಬೆನ್ನ ಹಿಂದೆ ನಿಂತು ಕರೆದೆ. ತಿರುಗಲಿಲ್ಲ. ಆಮೇಲೆ ನಾನು ಎದುರಿಗೆ ಬಂದು ಕೂತಾಗ ನನ್ನ ಕಣ್ಣು ನೋಡಿ ಅವಸರದಿಂದ ತಲೆ ಆಡಿಸಿದಳು. ಕೇಳಿಸುತ್ತಿಲ್ಲ ಎಂದು ಅವಳಿಗೂ ಗೊತ್ತಿದೆ ಗೌಹರ. ನನಗೆ ಬೇಸರವಾಗಬಾರದು ಎಂದು ಹಾಗೆ ಮಾಡುತ್ತಿದ್ದಾಳೆ.

ನೀನು ಕೊಟ್ಟ ಸೀಸ ಇನ್ನೂ ಉಳಿದಿದೆ. ವಾಪಸು ಕಳಿಸಲೇ?

ದಾನವ್ವ

*

ಸವಣೂರು,
೧೭ ಮೇ ೧೯೭೯

ದಾನಿ,

ಈ ಪತ್ರ ಬರೆಯುತ್ತಿರುವವಳು ನನ್ನ ಅಣ್ಣನ ಮಗಳು. ಅಕ್ಷರ ಬೇರೆ ಕಂಡಿತೆಂದು ಹೆದರಬೇಡ. ನನ್ನ ಬೆರಳಿಗೆ ಬಿಸಿ ತಾಗಿದೆ, ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ. ಇಷ್ಟು ದಿನ ಉತ್ತರ ಬರೆಯದಿದ್ದಕ್ಕೆ ಸಿಟ್ಟಾಗಬೇಡ.

ನಿನ್ನ ಪತ್ರ ಬಂದ ಮೇಲೆ ಚಿಕ್ಕಪೇಟೆಯ ಹಿಂದಿನ ಹಳೆ ಸಾಮಾನಿನ ಅಂಗಡಿಗಳನ್ನು ಸುತ್ತಿದೆ. ಒಬ್ಬ ಮುದುಕರ ಹತ್ತಿರ ಕೆಟ್ಟುಹೋದ ಕಿವಿ ಯಂತ್ರಗಳ ಒಂದು ಬುಟ್ಟಿಯೇ ಇತ್ತು. ಯಾರಿಗೆ ಎಂದು ಕೇಳಿದರು. ನನ್ನ ಹುಡುಗಿಗೆ ಎಂದೆ. ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ, ಬಾಯಿಂದ ಬಂತು. ಅವರು ಕೂತು ಒಂದೊಂದನ್ನೂ ಬಿಚ್ಚಿದರು. ನಿನ್ನ ಹೊನ್ನಿಯ ನಮೂನೆಯ ಬಿಲ್ಲೆಗಳು ಸಿಕ್ಕಿವೆ, ಎರಡು.

ರಜೆ ಹಾಕಿ ಊರಿಗೆ ಬಂದಿದ್ದೇನೆ. ಹಾನಗಲ್ಲಿಗೆ ಬಂದು ಶಿಗ್ಗಾಂವದ ಬಸ್ಸು ಹಿಡಿ. ನಿನ್ನ ತವರಿನಲ್ಲಿ ಇಳಿದು ಉಂಡು ಮರುದಿನ ಸವಣೂರಿಗೆ ಬಾ. ಹುಡುಗಿಯನ್ನು ಕರೆದುಕೊಂಡೇ ಬಾ. ಐರನ್ ತರಬೇಡ, ಇಲ್ಲಿದೆ.

ಸೀಸ ತಾ. ಅದನ್ನು ವಾಪಸು ಕೇಳಿದವರು ಯಾರು?

ಗೌಹರ

*

ತಿಳವಳ್ಳಿ,
೧೮ ಜೂನ್ ೧೯೭೯

ಗೌಹರ,

ನೀನು ಕಟ್ಟಿಕೊಟ್ಟ ಸವಣೂರ ಖಾರ ಮನೆ ಮುಟ್ಟುವುದರೊಳಗೆ ಅರ್ಧವಾಗಿತ್ತು. ಹೊನ್ನಿ ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಹಂಚಿದಳು. ಬಸ್ಸಿನ ಸದ್ದಿಗೆ ಎದೆಯ ಡಬ್ಬಿಯನ್ನು ಎರಡೂ ಕೈಯಿಂದ ಮುಚ್ಚಿಕೊಳ್ಳುವುದು, ತೆರೆಯುವುದು, ಮತ್ತೆ ಮುಚ್ಚುವುದು. ಶಿಗ್ಗಾಂವದವರೆಗೂ ಅದೇ ಆಟ.

ಮೊದಲು ಶಾಲೆಯ ವಿಷಯ. ಉಳವಪ್ಪ ಮಾಸ್ತರರು ಅವಳನ್ನು ಮಕ್ಕಳ ನಡುವೆ ಕೂರಿಸಿ, ತಾವು ಬೋರ್ಡಿನ ಕಡೆ ಮುಖ ಮಾಡಿ ಹೆಸರು ಕೂಗುತ್ತ ಹೋದರು. ತುಟಿ ಕಾಣದಿರಲಿ ಎಂದು ಹಾಗೆ ಮಾಡಿದರು. ನಾನು ಬಾಗಿಲ ಹೊರಗೆ ನಿಂತಿದ್ದೆ. ಹೊನ್ನವ್ವ ಎಂದರು. ಎಲ್ಲ ಮಕ್ಕಳೂ ಅವಳ ಕಡೆ ನೋಡಿದರು. ಇವಳು ಎದ್ದು ನಿಂತು "ಅಜರ್" ಎಂದಳು, ಇಡೀ ಶಾಲೆಗೆ ಕೇಳುವಷ್ಟು ಜೋರಾಗಿ. ಮಾಸ್ತರರು ತಿರುಗಲಿಲ್ಲ. ಮುಂದಿನ ಹೆಸರು ಕೂಗಿದರು.

ಈಗ ನಿನ್ನ ವಿಷಯ. ಅಲ್ಲಿದ್ದಾಗ ನಾನು ಕೇಳಲಿಲ್ಲ. ಬರೆದು ಕೇಳುತ್ತೇನೆ.

ನಿಮ್ಮ ಪಡಸಾಲೆಯಲ್ಲಿ ಬಿಸಿಲು ಬೀಳುವ ಕಡೆ ಕೂತೆವು. ನೀನು ಮಾಡು ಎಂದು ನಾನು ಎಷ್ಟು ಹೇಳಿದರೂ ಐರನ್ ಮುಟ್ಟಲಿಲ್ಲ. ದಾನಿ, ಮುಂದೆ ಮತ್ತೆ ಕಿತ್ತರೆ ನೀನೇ ತಾನೇ ಹಾಕಬೇಕು ಎಂದೆ. ನಿನ್ನ ಬೆರಳಿನಲ್ಲಿ ಸುಟ್ಟ ಗಾಯ ಇರಲಿಲ್ಲ, ನೋಡಿದೆ. ನನ್ನ ಮಣಿಕಟ್ಟು ಹಿಡಿದು ಪಕ್ಕದಲ್ಲಿ ಕೂತೆ. ನನ್ನ ನಾಡಿ ಎಷ್ಟು ಜೋರಾಗಿ ಬಡಿಯುತ್ತಿತ್ತು ಎಂದು ನಿನಗೆ ಗೊತ್ತಾಗಿರಬೇಕು, ನನ್ನ ಕೈ ನಿಲ್ಲುವವರೆಗೂ ಹಾಗೇ ಹಿಡಿದುಕೊಂಡಿದ್ದೆ. ಆಮೇಲೆ ನೀನು "ಈಗ" ಎಂದೆ. ನಾನು ಮುಟ್ಟಿಸಿದೆ. ರಾಳ ಸದ್ದು ಮಾಡಿತು. ನೀನು "ಬಿಡು" ಎಂದೆ. ಬಿಟ್ಟೆ. ಹನಿ ಈ ಸಲವೂ ಸ್ವಲ್ಪ ವಾಲಿಯೇ ಕೂತಿತ್ತು. ನಾನು ಮತ್ತೆ ಮುಟ್ಟಲು ಹೋಗಲಿಲ್ಲ.

ಡಬ್ಬಿ ಮುಚ್ಚಿ, ಸೆಲ್ ಹಾಕಿ, ಹೊನ್ನಿಯ ಕಿವಿಗಿಟ್ಟೆವು. ಹೊರಗೆ ಯಾರೋ ಒರಳಿನಲ್ಲಿ ಕುಟ್ಟುತ್ತಿದ್ದರು. ಹೊನ್ನಿ ಆ ಕಡೆ ತಿರುಗಿದಳು. ಕುಟ್ಟುವುದು ನಿಂತಿತು. ನಮ್ಮ ಕಡೆ ನೋಡಿದಳು. ಮತ್ತೆ ಶುರುವಾಯಿತು, ಮತ್ತೆ ಆ ಕಡೆ ತಿರುಗಿ ಬಾಯಿ ತುಂಬ ನಕ್ಕಳು.

ಆಗ ನೀನು ಕೇಳಿದೆ, "ಹೊಳ್ಳಿದಳೇನ?"

ಅವಳು ನಿನ್ನ ಎದುರಿಗೇ ಇದ್ದಳು ಗೌಹರ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಬಿಸಿಲಿನಲ್ಲಿ.

ಹೂಂ, ತಿರುಗಿದಳು ಎಂದೆ. ಆಮೇಲೆ ನೀನು ಚಹಾ ತರಲು ಗೋಡೆ ಸವರಿಕೊಂಡು ಒಳಗೆ ಹೋದೆ.

ಏನಾಗಿದೆ ನಿನ್ನ ಕಣ್ಣಿಗೆ?

ನಿನ್ನ
ದಾನವ್ವ

*

ಸವಣೂರು,
೧೪ ಜುಲೈ ೧೯೭೯

ದಾನಿ,

ಅಜರ್ ಎಂದ ಭಾಗವನ್ನು ಅಣ್ಣನ ಮಗಳಿಂದ ಮತ್ತೆ ಮತ್ತೆ ಓದಿಸಿದೆ. ಈಗ ಅವಳೂ ತಂದೆ ಕರೆದರೆ ಹಾಗೇ ಅನ್ನುತ್ತಾಳೆ.

ಕಣ್ಣಿಗೆ ಪೊರೆ ಬಂದಿದೆ. ಈ ವಯಸ್ಸಿಗೆ ಬರುವುದು ಅಪರೂಪವಂತೆ, ಬಂದಿದೆ. ಹೋದ ವರ್ಷದ ಮಳೆಗಾಲದಿಂದ ಹಾಲಿನ ನೀರಿನಲ್ಲಿ ನೋಡಿದ ಹಾಗೆ ಕಾಣುತ್ತಿತ್ತು. ದೀಪ ಮಂಕಾಗಿದೆ ಎಂದು ಎಲ್ಲರ ಮೇಲೂ ರೇಗುತ್ತಿದ್ದೆ. ಸೀಸ ಹರಡಿದ್ದನ್ನು ಸದ್ದಿನಿಂದ, ರಾಳದ ವಾಸನೆಯಿಂದ ತಿಳಿದುಕೊಂಡು ಕೆಲವು ತಿಂಗಳು ನಡೆಸಿದೆ. ಆಮೇಲೆ ಅದೂ ಸಾಲಲಿಲ್ಲ. ನೀನು ಪತ್ರ ಬರೆಯುವ ಹೊತ್ತಿಗೆ ಕಿಟಕಿಯ ಪಕ್ಕದ ಮೇಜಿನಲ್ಲಿ ಬೇರೊಬ್ಬ ಹುಡುಗಿ ಕೂರುತ್ತಿದ್ದಳು. ನನ್ನನ್ನು ಪೆಟ್ಟಿಗೆ ಕಟ್ಟುವ ಕೋಣೆಗೆ ಹಾಕಿದ್ದರು.

ನಿನಗೆ ಕಳಿಸಿದ ಬಿಲ್ಲೆಗಳು ಅಷ್ಟೊಂದು ಎಲ್ಲಿಂದ ಸಿಕ್ಕವು ಎಂದು ನೀನು ಕೇಳಲೇ ಇಲ್ಲ. ಅವೆಲ್ಲ ನನ್ನ ಕೈಯಲ್ಲೇ ಕೆಟ್ಟವು. ಎಸೆಯಲು ಮನಸ್ಸು ಬರದೆ ಹತ್ತಿಯಲ್ಲಿ ಸುತ್ತಿ ಇಟ್ಟುಕೊಂಡಿದ್ದೆ. ನಿನಗಾದರೂ ಕೆಲಸಕ್ಕೆ ಬಂದವು.

ಆಗಸ್ಟಿನಲ್ಲಿ, ಸ್ವಾತಂತ್ರ್ಯದ ಹಬ್ಬ ಕಳೆದ ಮೇಲೆ, ಹುಬ್ಬಳ್ಳಿಯಲ್ಲಿ ಆಪರೇಷನ್. ಡಾಕ್ಟರರು ಧೈರ್ಯ ಹೇಳಿದ್ದಾರೆ, ಪೂರ್ತಿ ಭರವಸೆ ಮಾತ್ರ ಕೊಟ್ಟಿಲ್ಲ. ಭಾಭಿ ಜೊತೆಗಿರುತ್ತಾಳೆ. ನೀನು ಬರಬೇಡ. ನಿಮ್ಮಲ್ಲಿ ಗದ್ದೆಯ ಕಳೆ ತೆಗೆಯುವ ಕಾಲ. ಹೊನ್ನಿಯ ಶಾಲೆ ಬೇರೆ. ಎಲ್ಲ ಮುಗಿದ ಮೇಲೆ ನಾನೇ ಬರೆಯುತ್ತೇನೆ.

ಗೌಹರ

*

ತಿಳವಳ್ಳಿ,
೪ ಆಗಸ್ಟ್ ೧೯೭೯

ಗೌಹರ,

ಕಾರ್ಡು ಸಾಕು, ಹೆಚ್ಚು ಬರೆಯುವುದಿಲ್ಲ. ನಾನು ಬರುತ್ತೇನೆ. ಮನೆಯಲ್ಲಿ ಹೋಗಲೇ ಎಂದು ಕೇಳಲಿಲ್ಲ, ಹೋಗುತ್ತೇನೆ ಎಂದೆ. ಯಜಮಾನರು ಆಸ್ಪತ್ರೆಯ ದಾರಿ ಕೇಳಿ ತಿಳಿದುಕೊಂಡು ಬಂದಿದ್ದಾರೆ. ಅತ್ತೆ ಏನಂದರು ಗೊತ್ತೇ? "ಕಳೆ ಬರೋ ವಾರಾನೂ ಇರತೈತಿ. ಆಕಿ ಕಣ್ಣು ಹಂಗ ಕಾಯಂಗಿಲ್ಲ. ಹೋಗಿ ಬಾ." ಹೊನ್ನಿಯನ್ನು ಬಿಟ್ಟು ಬರಲು ಆಗುವುದಿಲ್ಲ, ಸೆಲ್ ಬದಲಿಸುವುದು ನನಗೊಬ್ಬಳಿಗೇ ಗೊತ್ತು. ಅವಳೂ ಬರುತ್ತಾಳೆ.

ಬೇಡ ಎಂದು ಮತ್ತೆ ಬರೆಸಬೇಡ. ಅದು ಬಂದು ಮುಟ್ಟುವುದರೊಳಗೆ ನಾನು ಬಸ್ಸಿನಲ್ಲಿರುತ್ತೇನೆ.

ದಾನವ್ವ

*

ಸವಣೂರು,
೧೬ ಅಕ್ಟೋಬರ್ ೧೯೭೯

ದಾನಿ,

ನೋಡು, ನನ್ನ ಅಕ್ಷರ. ಸಾಲು ಸೊಟ್ಟಗಾಗಿದ್ದರೆ ಕನ್ನಡಕದ ತಪ್ಪು. ಸೋಡಾ ಬಾಟಲಿಯ ತಳದಷ್ಟು ದಪ್ಪಗಿದೆ. ಅದರಲ್ಲಿ ಬಾಗಿಲು ಬಿಲ್ಲಿನಂತೆ ಬಾಗಿ ಕಾಣುತ್ತದೆ, ಅಣ್ಣ ಇದ್ದದ್ದಕ್ಕಿಂತ ಗಟ್ಟಿಮುಟ್ಟಾಗಿ ಕಾಣುತ್ತಾನೆ. ಬಲಗಣ್ಣು ಚೆನ್ನಾಗಿದೆ. ಎಡಗಣ್ಣಿನಿಂದ ಬೆಳಕು ಗೊತ್ತಾಗುತ್ತದೆ, ಅಷ್ಟೇ. ಡಾಕ್ಟರರು ಇದು ಒಳ್ಳೆಯ ಫಲ ಎಂದರು. ನನಗೂ ಹಾಗೇ ಅನ್ನಿಸುತ್ತಿದೆ. ನಿನ್ನೆ ಅಕ್ಕಿ ಆರಿಸಿದೆ.

ಸಣ್ಣ ಕೆಲಸಕ್ಕೆ ಮತ್ತೆ ಕೂರುವಂತಿಲ್ಲ. ಫ್ಯಾಕ್ಟರಿಯವರು ಹೊಸ ಹುಡುಗಿಯರಿಗೆ ಕಲಿಸುವ ಕೆಲಸ ಕೊಡುತ್ತೇವೆ, ಬಾ ಎಂದು ಬರೆದಿದ್ದಾರೆ. ಬರುವ ತಿಂಗಳು ಹೋಗುತ್ತೇನೆ. ಕೈ ಹಿಡಿದು ಕಲಿಸಲು ನನಗೆ ಬರುತ್ತದೆ ಎಂದು ನಮ್ಮ ಈ ಪಡಸಾಲೆಯಲ್ಲಿ ತಿಳಿಯಿತು.

ಆಸ್ಪತ್ರೆಯ ಒಂದು ಸಂಗತಿ ನಿನಗೆ ಹೇಳಿಲ್ಲ. ಹೇಳಲೋ ಬೇಡವೋ ಎಂದು ಇಷ್ಟು ದಿನ ಯೋಚಿಸಿದೆ.

ಆಪರೇಷನ್ನಿನ ಮರುದಿನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ತಲೆ ಅಲುಗಾಡಬಾರದು ಎಂದು ಎರಡೂ ಕಡೆ ಮರಳಿನ ಚೀಲ ಇಟ್ಟಿದ್ದರು. ನೀನು ಹೊನ್ನಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ನನ್ನ ಮಂಚಕ್ಕೆ ಒತ್ತಿ ಕೂತಿದ್ದೆ. ಕಳೆಯ ವಿಷಯ, ಎಮ್ಮೆಯ ವಿಷಯ, ಮಾಸ್ತರರ ವಿಷಯ ಎಲ್ಲ ಹೇಳಿ ಸುಮ್ಮನಾದೆ. ದಾನಿಗೆ ಹೇಳುವುದೆಲ್ಲ ಮುಗಿಯಿತು, ಇನ್ನು ಬೇಸರವಾಗುತ್ತಿರಬೇಕು, ಹೊರಡು ಎನ್ನೋಣ ಎಂದುಕೊಳ್ಳುತ್ತಿದ್ದೆ.

ಆಗ ಹೊನ್ನಿ ತನ್ನ ಕಿವಿಯಲ್ಲಿದ್ದದ್ದನ್ನು ತೆಗೆದು ನನ್ನ ಕಿವಿಗೆ ಇಟ್ಟಳು. ನಿನಗೂ ನೆನಪಿರಬೇಕು, ನೀನು ಅವಳ ಕೈ ಹಿಡಿಯಲು ಬಂದೆ, ನಾನು ಇರಲಿ ಎಂದೆ. ಮೈಯಲ್ಲಿ ಏನೇ ಕೆಟ್ಟರೂ ಇದರಿಂದ ಸರಿಹೋಗುತ್ತದೆ ಎಂದು ಅವಳ ಲೆಕ್ಕ. ಕಿವಿಯೊಳಗೆ ಕೂರುವ ಅಚ್ಚು ಅವಳ ಕಿವಿಯ ಅಳತೆಯದು, ನನಗೆ ಸಡಿಲ. ಸಿಳ್ಳೆ ಹೊಡೆಯಿತು. ಹುಡುಗಿ ಬೆರಳಿನಿಂದ ಒತ್ತಿ ಹಿಡಿದಳು. ಸಿಳ್ಳೆ ನಿಂತಿತು.

ಡಬ್ಬಿ ಅವಳ ಎದೆಯಲ್ಲೇ ಇತ್ತು. ಅವಳು ನಿನ್ನ ತೊಡೆಯ ಮೇಲಿದ್ದಳು. ಮೊದಲು ನಿನ್ನ ಸೀರೆಯ ಸರಬರ ಸದ್ದು ಬಂತು. ದೂರದಲ್ಲಿ ತಟ್ಟೆ ಬಿದ್ದದ್ದು, ಯಾರೋ ಕೆಮ್ಮಿದ್ದು. ಆಮೇಲೆ, ಎಲ್ಲಕ್ಕಿಂತ ಹತ್ತಿರದಲ್ಲಿ, ನೀನು ಅಳುವುದು ಕೇಳಿಸಿತು. ಬಾಯಿ ಮುಚ್ಚಿಕೊಂಡು, ಉಸಿರು ಬಿಗಿಹಿಡಿದು, ಒಂದಿಷ್ಟೂ ಸದ್ದು ಹೊರಬೀಳದಂತೆ ಅಳುತ್ತಿದ್ದೆ. ಬರಿಯ ಕಿವಿಗೆ ಅದು ಕೇಳುತ್ತಿರಲಿಲ್ಲ. ಎಷ್ಟು ಹೊತ್ತಿನಿಂದ ಅಳುತ್ತಿದ್ದೆಯೋ.

ನಾನು ನೀರು ಬೇಕು ಎಂದೆ. ನೀನು "ತರ್ತೇನಿ" ಎಂದು ಎದ್ದೆ, ಗಂಟಲು ಸರಿಮಾಡಿಕೊಂಡು, ಏನೂ ಆಗದವಳಂತೆ.

ಮದುವೆಯಾದ ವರ್ಷ ನೀನು ಹಾಕಿದ ಪತ್ರಗಳೆಲ್ಲ ನನಗೆ ಮುಟ್ಟಿದ್ದವು ದಾನಿ. ಬಾವಿಯ ನೀರು ಸಿಹಿ, ಯಜಮಾನರು ಒಳ್ಳೆಯವರು, ಅತ್ತೆ ಹೊಸ ಸೀರೆ ತಂದರು ಎಂದೆಲ್ಲ ಬರೆದಿದ್ದೆ. ಓದಿ ಸಂತೋಷಪಡಬೇಕಿತ್ತು. ಪಟ್ಟೆ ಕೂಡ. ಆದರೆ ಪಕ್ಕದ ಕುರ್ಚಿ ಖಾಲಿ ಬಿದ್ದಿತ್ತು. ನಿನಗೂ ನನ್ನ ನೆನಪಿನಿಂದ ಕಣ್ಣಲ್ಲಿ ನೀರು ಬಂದ ಒಂದು ಸಾಲು ಸಿಗುತ್ತದೇನೋ ಎಂದು ಪ್ರತಿಯೊಂದು ಪತ್ರದಲ್ಲೂ ಹುಡುಕಿದೆ. ಸಿಗಲಿಲ್ಲ. ಏನು ಉತ್ತರ ಬರೆಯಬೇಕು ಎಂದು ತಿಳಿಯಲಿಲ್ಲ. ದಿನ ಹೋದಂತೆ ಬರೆಯುವುದು ಕಷ್ಟವಾಯಿತು.

ನೀನು ನೀರು ತಂದು ಕೊಟ್ಟೆ. ಆಸ್ಪತ್ರೆಯ ನೀರು, ಔಷಧಿಯ ವಾಸನೆ. ಲೋಟದಲ್ಲಿದ್ದದ್ದನ್ನೆಲ್ಲ ಕುಡಿದೆ.

ಹೊನ್ನಿಯ ಕಿವಿ ಬೆಳೆಯುತ್ತಿದೆ, ಅವಳಿಗೂ ಅಚ್ಚು ಸರಿಯಾಗಿ ಕೂರುತ್ತಿರಲಿಕ್ಕಿಲ್ಲ. ದೀಪಾವಳಿಯ ರಜೆಯಲ್ಲಿ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಹೊಸದು ಮಾಡಿಸು. ನೋವಾದರೆ ಅವಳು ಹೇಳುವುದಿಲ್ಲ, ತಲೆ ಆಡಿಸಿ ಸುಮ್ಮನಿರುತ್ತಾಳೆ. ನಿನ್ನ ಮಗಳಲ್ಲವೇ.

ನಿನ್ನ
ಗೌಹರ